ನನ್ನ ಕೈಕೆಳಗೆ ನಾನೇ ಕೆಲಸಕ್ಕೆ ಸೇರುತ್ತಿದ್ದೆನಾ?

ಗಲ್ಲಾ ಮೇಲಿನವನು:

ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ದರ್ಶಿನಿ ಇದೆ. ಭಟ್ರು, ದೋಸೆಯವರು, ಕೌಂಟರ್ ಹುಡುಗರು, ಕ್ಲೀನರ್ ಎಲ್ಲ ಸೇರಿ ಹನ್ನೊಂದು ಜನ. ನನ್ನೂರು ಕುಂದಾಪುರದ ಕಡೆ. 1993ರಲ್ಲಿ, ಹದಿಮೂರನೇ ವಯಸ್ಸಿಗೆ, ರಾತ್ರಿ ಬಸ್ಸು ಹತ್ತಿ ಬಂದು ಮೆಜೆಸ್ಟಿಕ್ ಹತ್ತಿರದ ಒಂದು ಹೋಟೆಲಿನಲ್ಲಿ ಲೋಟ ತೊಳೆಯೋಕೆ ನಿಂತವನು ನಾನು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಆಮೇಲೆ ಕ್ಯಾಷ್. 2011ರಲ್ಲಿ ಸ್ವಂತದ್ದು ಹಾಕಿದೆ.

ಕಳೆದ ತಿಂಗಳು ಒಬ್ಬ ಕ್ಲೀನರ್ ಹುಡುಗ ಹೇಳದೆ ಕೇಳದೆ ಬಿಟ್ಟು ಹೋದ. ಯಾದಗಿರಿ ಕಡೆಯವನು, ಹತ್ತೊಂಬತ್ತು ವರ್ಷ. ಹೋಟೆಲಿನಲ್ಲಿ ಹುಡುಗರು ಬಿಡೋದು ಹೊಸದೇನಲ್ಲ. ಅಡ್ವಾನ್ಸ್ ತಗೊಂಡು ಹೋದವರೂ ಇದ್ದಾರೆ. ಆದರೆ ಇವನು ಆರು ದಿನದ ಸಂಬಳ ನನ್ನ ಹತ್ತಿರವೇ ಬಿಟ್ಟು ಹೋದ. ಮೂರು ಸಾವಿರ ರೂಪಾಯಿ. ಅದನ್ನು ಕೇಳೋಕೂ ನನ್ನ ಮುಂದೆ ಬಂದು ನಿಲ್ಲಲಿಲ್ಲ. ಅದೇ ನನ್ನನ್ನು ಕಾಡುತ್ತಿರೋದು.

ಲೆಕ್ಕ ನೋಡೋಣ ಅಂತ ಸಂಬಳದ ಪುಸ್ತಕ ತೆಗೆದೆ. ಅವನ ಹೆಸರಿನ ಕೆಳಗೆ ನನ್ನದೇ ಕೈಬರಹದಲ್ಲಿ ಹೀಗಿತ್ತು: ಗಾಜಿನ ಲೋಟ 2, ರೂ. 60. ಕಪ್ 3, ರೂ. 120. ಸಾಂಬಾರ್ ಬಕೆಟ್ ಚೆಲ್ಲಿದ್ದು, ರೂ. 150. ತಡ, ರೂ. 100. ಮೂರು ತಿಂಗಳಲ್ಲಿ 430 ರೂಪಾಯಿ ಕತ್ತರಿಸಿದ್ದೆ.

ನಾನು ಕೆಲಸಕ್ಕೆ ಸೇರಿದ ವರ್ಷ ಯಜಮಾನರು ಒಂದು ಜಗ್ಗಿಗೆ 12 ರೂಪಾಯಿ ಹಿಡಿದಿದ್ದರು. ಸ್ಟೀಲ್ ಜಗ್ಗು. ಕೈ ಜಾರಿ ಬಿದ್ದು ತಳ ನೆಗ್ಗಿತ್ತು, ಅಷ್ಟೇ. ಸೋರುತ್ತಿರಲಿಲ್ಲ. ಆಮೇಲೂ ಎಷ್ಟೋ ವರ್ಷ ಅದೇ ಜಗ್ಗಿನಲ್ಲಿ ನೀರು ಕೊಟ್ಟೆವು. ಎತ್ತಿದಾಗೆಲ್ಲ ಆ ನೆಗ್ಗಿದ ಜಾಗ ಬೆರಳಿಗೆ ಸಿಗುತ್ತಿತ್ತು. ಪ್ರತಿ ಸಲವೂ ಹನ್ನೆರಡು ರೂಪಾಯಿ ನೆನಪಾಗುತ್ತಿತ್ತು. ಇಂಥವರ ಹತ್ತಿರ ಯಾಕಾದರೂ ಬಂದೆನೋ ಅಂತ ಅವತ್ತು ಅಂದುಕೊಂಡಿದ್ದೆ.

ನಾನು ಕೆಟ್ಟ ಯಜಮಾನ ಅಂತ ಅಂದುಕೊಂಡವನಲ್ಲ. ಊಟಕ್ಕೆ ಲೆಕ್ಕ ಇಡುವುದಿಲ್ಲ. ಒಂದನೇ ತಾರೀಕು ದಾಟಿಸಿ ಸಂಬಳ ಕೊಟ್ಟವನಲ್ಲ. ಜ್ವರ ಬಂದರೆ ನಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗುತ್ತೇನೆ. ಆದರೂ ಆ ಪುಸ್ತಕ ನೋಡಿದ ಮೇಲೆ ಒಂದು ಪ್ರಶ್ನೆ ಎದೆಯಲ್ಲಿ ಕೂತುಬಿಟ್ಟಿದೆ. ಆ ಹದಿಮೂರರ ಹುಡುಗ ಇವತ್ತು ಬಸ್ಸಿಳಿದು ನನ್ನ ಹೋಟೆಲಿಗೆ ಬಂದಿದ್ದರೆ, ಮೂರು ತಿಂಗಳು ನಿಲ್ಲುತ್ತಿದ್ದನಾ?

ಇಲ್ಲಿ ಕೈಕೆಳಗೆ ಜನ ಇರುವವರು ಬೇಕಾದಷ್ಟಿದ್ದೀರಿ. ನೀವು ನಿಮ್ಮ ಹತ್ತಿರವೇ ಕೆಲಸಕ್ಕೆ ಸೇರುತ್ತಿದ್ರಾ? ನಿಜ ಹೇಳಿ.

ಸೋಮವಾರದ ಮೀಟಿಂಗ್:

ಐಟಿಯಲ್ಲಿದ್ದೇನೆ, ಎಂಟು ಜನರ ಟೀಮ್. ನಾನಾದರೆ ಖಂಡಿತ ಸೇರುತ್ತಿದ್ದೆ. ಯಾರ ಮೇಲೂ ಇವತ್ತಿನವರೆಗೆ ದನಿ ಎತ್ತಿಲ್ಲ. ರಜೆ ಕೇಳಿದರೆ ಕಾರಣ ಕೇಳದೆ ಕೊಡುತ್ತೇನೆ. ಕೆಲಸ ಚೆನ್ನಾಗಿ ಆದರೆ ಮೇಲಿನವರ ಮುಂದೆ ಮಾಡಿದವರ ಹೆಸರನ್ನೇ ಹೇಳುತ್ತೇನೆ, ನನ್ನದಲ್ಲ. ನನ್ನ ಮೊದಲ ಮ್ಯಾನೇಜರ್ ಇದಕ್ಕೆಲ್ಲ ಉಲ್ಟಾ ಇದ್ದರು. ಹಾಗಾಗಬಾರದು ಅಂತಲೇ ಹೀಗಿದ್ದೇನೆ.

ಗಲ್ಲಾ ಅಣ್ಣ, ನೀವು ಇಷ್ಟು ಯೋಚಿಸುತ್ತೀರಿ ಅಂದರೇನೇ ಒಳ್ಳೆಯ ಯಜಮಾನರು ಅಂತ ಲೆಕ್ಕ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಏಳನೇ ಲೈನ್:

ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ನಾನು. ಹೆಲ್ಪರ್ ಆಗಿ ಸೇರಿ, ನೂಲು ಕತ್ತರಿಸಿ, ಆಪರೇಟರ್ ಆಗಿ, ಹನ್ನೆರಡು ವರ್ಷ ಆದಮೇಲೆ ಲೈನ್ ಕೊಟ್ಟರು. ಅಣ್ಣ ಕೇಳಿದ ಪ್ರಶ್ನೆಗೆ ನನ್ನ ಉತ್ತರ ದಿನದ ಮೇಲೆ ಹೋಗುತ್ತದೆ. ಸೋಮವಾರ ಆದರೆ ಸೇರುತ್ತಿದ್ದೆ. ಶಿಪ್‌ಮೆಂಟ್ ಇರುವ ಶನಿವಾರ ಆದರೆ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಲೈನಿನ ತುದಿಯಲ್ಲಿ ಒಂದು ಬೋರ್ಡ್ ಇರುತ್ತದೆ. ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಅಂತ ಗಂಟೆ ಗಂಟೆಗೂ ಬರೆಯಬೇಕು. ನಮ್ಮ ಶರ್ಟಿಗೆ ತೊಂಬತ್ತು ಅಂದರೆ ತೊಂಬತ್ತು. ಕಾಲರ್ ಕೂರಿಸುವವಳು ಐದು ನಿಮಿಷ ಎದ್ದು ಹೋದರೂ ಹಿಂದಿನ ಬಂಡಲ್ ಅಲ್ಲೇ ರಾಶಿ ಬೀಳುತ್ತದೆ, ಮುಂದಿನ ನಾಲ್ಕು ಮಷೀನ್ ಖಾಲಿ ಕೂರುತ್ತವೆ. ಬೋರ್ಡಿನ ಮೇಲೆ ಎಪ್ಪತ್ತು ಅಂತ ಬರೆದರೆ ಫ್ಲೋರ್ ಇನ್‌ಚಾರ್ಜ್ ನನ್ನನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತಾರೆ. ಆಗ ನಾನು ತಿರುಗಿ ನನ್ನ ಹುಡುಗಿಯರನ್ನು ನೋಡುತ್ತೇನೆ. ಬಾಯಲ್ಲಿ ಏನೂ ಅನ್ನುವುದಿಲ್ಲ. ಬಾತ್‌ರೂಮಿಗೆ ಹೋಗಿ ಬರುವವಳ ಎದುರು ಸುಮ್ನೆ ಗೋಡೆ ಗಡಿಯಾರ ನೋಡುತ್ತೇನೆ, ಅಷ್ಟೇ. ಆ ನೋಟಕ್ಕೇ ಎಷ್ಟೋ ಜನ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ. ನನಗೆ ಗೊತ್ತು, ಯಾಕಂದರೆ ನಾನೂ ಕುಡಿಯುತ್ತಿರಲಿಲ್ಲ. ಕಿಡ್ನಿ ಕಲ್ಲು ಆಗಿ ಎರಡು ಸಲ ಮಲಗಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ಹೆಂಗಸರಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆ ಅಂತ ಒಪ್ಪಿತಲ್ಲ, ಆ ಸುದ್ದಿ ಬಂದ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಅದೇ ಮಾತಾಡಿದರು. ಒಬ್ಬಳು ನನ್ನನ್ನು ಕೇಳಿದಳು, "ಅಕ್ಕಾ, ನಿಮ್ಮ ಹತ್ತಿರ ಕೇಳಿದರೆ ನೀವು ಕೊಡ್ತೀರಾ?" ಕೊಡ್ತೀನಿ ಅಂತ ಹೇಳಿದೆ. ಅವಳು ನನ್ನ ಮುಖ ನೋಡಿದಳು, ನಂಬಲಿಲ್ಲ. ಸರಕಾರ ಏನೇ ಬರೆದರೂ ಕೊನೆಗೆ ಅವಳು ಬಂದು ಕೇಳಬೇಕಾದ್ದು ನನ್ನನ್ನೇ ಅಲ್ವಾ? ನನ್ನ ಮುಖ ನೋಡಿ ಅವಳಿಗೆ ಧೈರ್ಯ ಬರದಿದ್ದರೆ ರಜೆ ಇದ್ದೂ ಇಲ್ಲದ ಹಾಗೆ.

ಮೂಲೆ ಡೆಸ್ಕ್:

ಸೋಮವಾರದ ಮೀಟಿಂಗ್ ಸರ್, ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿ ನಾನು. ತಪ್ಪು ತಿಳ್ಕೋಬೇಡಿ. ನಮ್ಮ ಲೀಡ್ ಕೂಡ ನಿಮ್ಮ ಹಾಗೇ, ಯಾವತ್ತೂ ಬೈದಿಲ್ಲ. ಆದರೆ ರಾತ್ರಿ ಹತ್ತೂಕಾಲಿಗೆ ಮೆಸೇಜ್ ಬರುತ್ತದೆ. "ಅರ್ಜೆಂಟ್ ಏನಿಲ್ಲ, ನಾಳೆ ನೋಡಿದರೆ ಸಾಕು" ಅಂತ. ಅವರು ಕಳಿಸಿ ಮಲಗುತ್ತಾರೆ. ನಾನು ಲ್ಯಾಪ್‌ಟಾಪ್ ತೆಗೆಯುತ್ತೇನೆ. ಬೆಳಗ್ಗೆ "ಅಯ್ಯೋ, ರಾತ್ರಿನೇ ಮುಗಿಸಿದ್ಯಾ! ಸೂಪರ್" ಅಂತ ಗ್ರೂಪಿನಲ್ಲಿ ಹಾಕುತ್ತಾರೆ. ಮುಂದಿನ ಸಲ ನಾಳೆವರೆಗೆ ಬಿಡೋಕೆ ನನಗೆ ಆಗಲ್ಲ.

ನಿಮ್ಮ ಟೀಮಿನವರನ್ನು ಕೇಳಿ ನೋಡಿದ್ರಾ ಸರ್?

ತೋಟದ ಮನೆ:

ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ಅಡಿಕೆ. ನನಗೆ ಯಜಮಾನ ಅಂತ ಯಾರೂ ಇಲ್ಲ. ನಾನೇ ಯಜಮಾನ, ಮುಕ್ಕಾಲು ಪಾಲು ಕೆಲಸಕ್ಕೆ ಆಳೂ ನಾನೇ. ಹಾಗಾಗಿ ಈ ಪ್ರಶ್ನೆ ನನಗೆ ಬೇರೆ ರೀತಿ ಬಂದು ತಾಗಿತು.

ಕೊಯ್ಲಿಗೆ, ಔಷಧಿ ಹೊಡೆಯೋಕೆ ಮರ ಹತ್ತುವ ಕೊನೆಗಾರರು ಬರುತ್ತಾರೆ. ಅವರ ವಿಷಯದಲ್ಲಿ ನಾನು ಗಟ್ಟಿ. ಮರ ಒದ್ದೆ ಇದ್ದರೆ ಹತ್ತಿಸುವುದಿಲ್ಲ. ಮಳೆ ಬಿಟ್ಟು ಕಾಂಡ ಒಣಗುವವರೆಗೆ ಕಾಯುತ್ತೇವೆ, ಅರ್ಧ ದಿನದ ಕೂಲಿ ಹೋದರೂ ಹೋಗಲಿ. ನಮ್ಮೂರಿನಲ್ಲಿ ಮರದಿಂದ ಬಿದ್ದು ಸೊಂಟ ಹೋದವರನ್ನು ಕಂಡಿದ್ದೇನೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ಎಷ್ಟೋ ನಿರಾಳ, ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು.

ಆದರೆ ನನ್ನ ವಿಷಯಕ್ಕೆ ಬನ್ನಿ. ಕೊಳೆ ರೋಗಕ್ಕೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ದ್ರಾವಣ ಕಲಸುವುದು ನಾನೇ. ಕೊನೆಗಾರರಿಗೆ ಕನ್ನಡಕ, ಮಾಸ್ಕ್ ತಂದು ಕೊಟ್ಟಿದ್ದೆ. ನನಗೆ ತಂದುಕೊಂಡಿರಲಿಲ್ಲ. ಹತ್ತು ನಿಮಿಷದ ಕೆಲಸ ತಾನೇ ಅಂತ. ಎರಡು ವರ್ಷದ ಹಿಂದೆ ಸುಣ್ಣದ ನೀರು ಎಡಗಣ್ಣಿಗೆ ಸಿಡಿಯಿತು. ಶಿವಮೊಗ್ಗದಲ್ಲಿ ಹದಿನೈದು ದಿನ ಕಣ್ಣಿಗೆ ಪಟ್ಟಿ. ಡಾಕ್ಟರು ಕೇಳಿದ್ದು ಒಂದೇ ಮಾತು. "ಕೆಲಸ ಮಾಡಿಸುವವರು ಕನ್ನಡಕ ಕೊಟ್ಟಿರಲಿಲ್ವಾ?" ನಾನು ಏನೂ ಹೇಳಲಿಲ್ಲ.

ಒಂದು ದಿನ ರಜೆ ಕೊಡದ, ಹುಷಾರಿಲ್ಲ ಅಂದರೆ ಕೇಳದ ಯಜಮಾನ ಅಂದರೆ ನನಗೆ ನಾನೇ. ಬೇರೆಯವರಿಗೆ ಹೀಗೆ ಮಾಡಿದ್ದರೆ ಯಾರೂ ನಮ್ಮ ಗೇಟು ದಾಟಿ ಒಳಗೆ ಬರುತ್ತಿರಲಿಲ್ಲ. ಸ್ವಂತ ದುಡಿಮೆ ಅಂತ ಕನಸು ಕಾಣುವ ಹುಡುಗರು ಇದನ್ನೂ ಸ್ವಲ್ಪ ಯೋಚಿಸಲಿ.

ಹಳೇ ಇನ್‌ಸ್ಪೆಕ್ಟರ್:

ಕಾರ್ಮಿಕ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗಲ್ಲಾ ಮೇಲಿನವರಿಗೆ ಎರಡು ಮಾತು. ಹೆದರಿಸೋಕೆ ಅಲ್ಲ, ತಿಳಿದಿರಲಿ ಅಂತ.

ಒಂದು, ನೀವು ಕತ್ತರಿಸಿದ ಹಣ. ಒಡೆದದ್ದಕ್ಕೆ ದುಡ್ಡು ಹಿಡಿಯೋಕೆ ಕಾನೂನಿನಲ್ಲಿ ದಾರಿ ಇದೆ, ಆದರೆ ಹೇಗೆ ಬೇಕೋ ಹಾಗಲ್ಲ. ಅವನ ನಿರ್ಲಕ್ಷ್ಯದಿಂದಲೇ ಹೋಗಿರಬೇಕು. ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು. ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ದಂಡ ಹಾಕುವುದಾದರೆ ಆ ಅವಧಿಯ ಸಂಬಳದ ನೂರಕ್ಕೆ 3ರಷ್ಟು ಮೀರುವಂತಿಲ್ಲ, ಮತ್ತು ಆ ದಂಡದ ಹಣ ಕೆಲಸಗಾರರ ಅನುಕೂಲಕ್ಕೇ ಖರ್ಚಾಗಬೇಕು. ಇದು 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ನಿಮ್ಮನ್ನು ಕೇಳುತ್ತೇನೆ, ಆ ಎರಡು ಲೋಟ ಬರೆಯುವ ಮುಂಚೆ ಹುಡುಗನನ್ನು ಕರೆದು "ಏನಾಯ್ತಪ್ಪಾ?" ಅಂದಿದ್ದಿರಾ?

ಇನ್ನೊಂದು, ಇಎಸ್‌ಐ, ಅಂದರೆ ಕೆಲಸಗಾರರ ಸರಕಾರಿ ವಿಮೆ. ಹತ್ತು ಜನರಿಗಿಂತ ಹೆಚ್ಚಿದ್ದಾರೆ ಅಂದಿರಿ. ಆರು ದಿನಕ್ಕೆ ಮೂರು ಸಾವಿರ ಅಂದರೆ ತಿಂಗಳಿಗೆ ಹದಿನೈದು ಸಾವಿರ, 21 ಸಾವಿರದ ಮಿತಿಯೊಳಗೇ ಇದೆ. ನೂರಕ್ಕೆ 3.25ರ ಲೆಕ್ಕದಲ್ಲಿ ನಿಮ್ಮ ಪಾಲು 487 ರೂಪಾಯಿ 50 ಪೈಸೆ. ಅವನದು 112 ರೂಪಾಯಿ 50 ಪೈಸೆ. ಮೂರು ತಿಂಗಳಲ್ಲಿ ನೀವು ಅವನಿಂದ ಹಿಡಿದದ್ದಕ್ಕೆ ಇನ್ನೂ ಅರವತ್ತು ರೂಪಾಯಿ ಸೇರಿಸಿದ್ದರೆ ಒಂದು ತಿಂಗಳ ಇಎಸ್‌ಐ ಕಟ್ಟಬಹುದಿತ್ತು. ಜ್ವರ ಬಂದಾಗ ನೀವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ದೊಡ್ಡ ಗುಣ. ಆದರೆ ಅದು ನಿಮ್ಮ ಮನಸ್ಸಿನ ಮೇಲೆ ನಿಂತಿದೆ. ಇಎಸ್‌ಐ ಚೀಟಿ ಇದ್ದರೆ ನಿಮ್ಮ ಮನಸ್ಸು ಕೆಟ್ಟ ದಿನವೂ ಅವನಿಗೆ ಔಷಧಿ ಸಿಗುತ್ತದೆ.

ನೀವು ಹದಿಮೂರಕ್ಕೆ ಕೆಲಸಕ್ಕೆ ನಿಂತಿರಿ ಅಂತ ಓದಿ ಬೇಜಾರಾಯಿತು. ಹೋಟೆಲು, ಡಾಬಾಗಳಲ್ಲಿ ಹದಿನಾಲ್ಕರ ಒಳಗಿನವರನ್ನು ಇಟ್ಟುಕೊಳ್ಳಬಾರದು ಅಂತ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ಕ್ಕೆ. ನಿಮಗೆ ಅದು ತಡವಾಯಿತು.

ಗಲ್ಲಾ ಮೇಲಿನವನು:

ಸರ್, ಇಎಸ್‌ಐ ಮಾಡಿಸಿಲ್ಲ. ಆಡಿಟರ್ ಹೇಳಿದ್ದರು, ನಾನೇ ಮುಂದೂಡುತ್ತಾ ಬಂದೆ. ಹುಡುಗನನ್ನು ಕರೆದು ಕೇಳಿರಲಿಲ್ಲ, ಅದೂ ನಿಜ. ಸದ್ದು ಕೇಳಿತು, ಗಲ್ಲಾದಿಂದಲೇ ಕೂಗಿದೆ, ರಾತ್ರಿ ಬರೆದೆ.

ಆದರೆ ಒಂದು ಮಾತು ಹೇಳಲೇಬೇಕು. ನಾನೂ ಅವರ ಜೊತೆಗೇ ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ರಾತ್ರಿ ಗ್ರೈಂಡರ್ ತೊಳೆದು, ನಾಳೆಯ ಹಿಟ್ಟಿಗೆ ಮುಚ್ಚಳ ಹಾಕಿ, ಶಟರ್ ಎಳೆಯುವವನೂ ನಾನೇ. ಬಾಡಿಗೆ, ಸಿಲಿಂಡರ್, ಸಾಲದ ಕಂತು. ಉದ್ದಿನಬೇಳೆ ರೇಟು ಏರಿದ ತಿಂಗಳು ನನಗೆ ಅವರಷ್ಟೂ ಉಳಿಯೋದಿಲ್ಲ. ನಾನು ಸುಮ್ನೆ ಕೂತು ದುಡಿಸುವವನಲ್ಲ.

ಟೇಬಲ್ ನಂಬರ್ ನಾಲ್ಕು:

ಅಣ್ಣಾ, ನಾನು ಹದಿನಾರು ವರ್ಷದಿಂದ ಸಪ್ಲೈಯರ್. ನಾಲ್ಕು ಊರು, ಒಂಬತ್ತು ಹೋಟೆಲು ಕಂಡಿದ್ದೇನೆ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

"ನಾನೂ ನಿಮ್ಮಷ್ಟೇ ದುಡೀತೀನಿ" ಅಂತ ಎಲ್ಲಾ ಯಜಮಾನರೂ ಹೇಳುತ್ತಾರೆ. ಸುಳ್ಳಲ್ಲ, ನಾನೂ ಕಣ್ಣಾರೆ ನೋಡಿದ್ದೇನೆ. ಆದರೆ ಹೋಟೆಲಿನ ಬೋರ್ಡಿನ ಮೇಲೆ ಹೆಸರು ಯಾರದು? ಹತ್ತು ವರ್ಷ ಕಷ್ಟಪಟ್ಟರೆ ಇನ್ನೊಂದು ಬ್ರಾಂಚ್ ಆಗುವುದು ಯಾರಿಗೆ? ನೀವು ನಾಲ್ಕೂವರೆಗೆ ಎದ್ದರೆ ನಿಮ್ಮದಕ್ಕೆ ಏಳುತ್ತೀರಿ. ಆ ಹುಡುಗ ಎದ್ದರೆ ನಿಮ್ಮದಕ್ಕೇ ಏಳುತ್ತಾನೆ. ಒಂದೇ ಹೊತ್ತಿಗೆ ಎದ್ದರೂ ಎರಡೂ ಒಂದೇ ಅಲ್ಲ ಅಣ್ಣಾ.

ಇನ್ನೊಂದು. ನೀವು ಗಲ್ಲಾದಿಂದಲೇ ಕೂಗಿದೆ ಅಂದಿರಲ್ಲ, ಗಿರಾಕಿಗಳು ತುಂಬಿರುವಾಗ ಅಲ್ವಾ? ದುಡ್ಡು ಹೋದರೆ ಹೋಗಲಿ ಅಂತ ಬಿಡಬಹುದು. ಕೈಯಲ್ಲಿ ಒಡೆದ ಲೋಟ ಹಿಡಿದು ನಿಂತಾಗ ಇಪ್ಪತ್ತು ಜನ ತಿರುಗಿ ನೋಡುತ್ತಾರಲ್ಲ, ಅದು ಹೋಗುವುದಿಲ್ಲ. ನಾನು ಒಂದು ಹೋಟೆಲು ಬಿಟ್ಟದ್ದೇ ಹಾಗೆ. ಆ ಯಜಮಾನರು ಸಂಬಳ ಎಲ್ಲರಿಗಿಂತ ಜಾಸ್ತಿ ಕೊಡುತ್ತಿದ್ದರು. ಆಮೇಲೆ ಸಿಕ್ಕಿದವರು ಒಂದು ಸಾವಿರ ಕಮ್ಮಿ ಕೊಟ್ಟರು, ಆರು ವರ್ಷ ಇದ್ದೆ. ಅವರು ಏನಾದರೂ ಹೇಳುವುದಿದ್ದರೆ ಅಡುಗೆಮನೆ ಹಿಂದೆ ಕರೆದು, ಟೀ ಕೊಟ್ಟು ಹೇಳುತ್ತಿದ್ದರು.

ನೀವು ಸೇರುತ್ತಿದ್ರಾ ಅಂತ ನಿಮ್ಮನ್ನು ನೀವೇ ಕೇಳಿಕೊಂಡರೆ ಉತ್ತರ ಸಿಗಲ್ಲ. ಫೋನ್ ಮಾಡಿ ಅವನನ್ನು ಕೇಳಿ.

ಬೆಳಗಾವಿ ಭಟ್ಟಿ:

ಎಲ್ಲರೂ ಯಜಮಾನಂದೇ ತಪ್ಪು ಅನ್ನೂ ಹಂಗ ಬರ್ಯಾಕತ್ತೀರಿ. ಸ್ವಲ್ಪ ನನ್ನ ಮಾತೂ ಕೇಳ್ರಿ.

ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ನಮ್ಮದು. ಪಂಪಿನ ಬಿಡಿಭಾಗ ಎರಕ ಹೊಯ್ಯುತ್ತೇವೆ. ನನ್ನ ಕೈಕೆಳಗೆ ನಾನು ಖುಷಿಯಿಂದ ಕೆಲಸ ಮಾಡುತ್ತಿದ್ದೆ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ನಾನು ಬೈಯುತ್ತೇನೆ, ಹೌದು. ಎಲ್ಲರೆದುರೇ ಬೈಯುತ್ತೇನೆ. ಭಟ್ಟಿಯಿಂದ ಬರುವ ಕಬ್ಬಿಣ ಸಾವಿರದ ನಾನೂರು ಡಿಗ್ರಿ ಇರುತ್ತದೆ. ಅದನ್ನು ಹೊಯ್ಯುವ ಲೇಡಲ್‌ನಲ್ಲಿ ಒಂದಿಷ್ಟು ತೇವ ಉಳಿದಿದ್ದರೂ ಸಾಕು, ಉಗಿ ಎದ್ದು ಕರಗಿದ ಲೋಹ ಸಿಡಿದು ಬರುತ್ತದೆ. ಹಂಗಾಗಿ ಲೇಡಲ್ ಕಾಯಿಸಿ ಒಣಗಿಸದೆ ಮುಂದೆ ತಂದವನನ್ನು ನಾನು ಪಕ್ಕಕ್ಕೆ ಕರೆದು ಟೀ ಕೊಟ್ಟು ಹೇಳೋಕೆ ಆಗಲ್ಲ. ಅಲ್ಲೇ, ಆಗಲೇ, ಪೂರ್ತಿ ಶೆಡ್ ಕೇಳುವ ಹಾಗೆ ಒದರುತ್ತೇನೆ. ನನ್ನ ಉಸ್ತಾದರೂ ನನಗೆ ಹಾಗೇ ಒದರಿದ್ದರು. ನನ್ನ ಎರಡೂ ಕಾಲು ಇವತ್ತು ಸರಿಯಾಗಿವೆ ಅಂದರೆ ಆ ಬೈಗುಳದಿಂದ.

ಆದರೆ ಅವರು ಒಂದು ದಿನವೂ ರೊಕ್ಕ ಹಿಡಿದಿಲ್ಲ. ಮೋಲ್ಡ್ ಒಡೆದು ಪೂರ್ತಿ ಎರಕ ಹಾಳಾದ ದಿನವೂ ಹಿಡಿಯಲಿಲ್ಲ. "ಮತ್ತೆ ಕರಗಿಸಿದರೆ ಕಬ್ಬಿಣ ಬರ್ತದ, ನಿನ್ನ ಬಟ್ಟು ಬರಂಗಿಲ್ಲ" ಅಂತಿದ್ದರು. ಬೈದದ್ದು ಯಾಕೆ ಅಂತ ನಮಗೆ ಗೊತ್ತಿತ್ತು. ಗಲ್ಲಾ ಅಣ್ಣಾರ, ನಿಮ್ಮ ಹುಡುಗನಿಗೆ ನೀವು ಕೂಗಿದ್ದು ಅವನ ಕೈಗೆ ಗಾಜು ಚುಚ್ಚೀತು ಅಂತಲೋ, ಲೋಟ ಹೋಯಿತು ಅಂತಲೋ? ಹುಡುಗರಿಗೆ ಅದು ತಟ್ಟನೆ ತಿಳಿಯುತ್ತದೆ.

ಸೀರೆ ಕೌಂಟರ್:

ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿಯವರು ನಮ್ಮಂಥವರಿಗೆ ಕೂರೋಕೆ ಸೀಟು ಇಡಲೇಬೇಕು ಅಂತ ಕಾನೂನು ಮಾಡಿದರು. ಅದನ್ನು ಓದಿ ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಒಳ್ಳೆಯವರೇ. "ಕೂತರೆ ಗಿರಾಕಿಗೆ ಸೋಮಾರಿಗಳ ಹಾಗೆ ಕಾಣುತ್ತೆ ಕಣಮ್ಮ" ಅಂದರು. ಕುರ್ಚಿಯಲ್ಲಿ ಕೂತುಕೊಂಡೇ ಅಂದರು. ಅವರಿಗೆ ಅದು ಗಮನಕ್ಕೇ ಬರಲಿಲ್ಲ.

ಗಲ್ಲಾ ಅಣ್ಣ, ನಿಮ್ಮ ಹುಡುಗರಿಗೆ ಕೂರೋಕೆ ಏನಾದರೂ ಇದೆಯಾ?

ಕಡಲಾಚೆ:

ದುಬೈನಲ್ಲಿ ಸೈಟ್ ಫೋರ್‌ಮನ್, ಊರು ಮೂಡುಬಿದಿರೆ ಹತ್ತಿರ.

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ಒಬ್ಬ ಕೆಲಸಗಾರನಿಗೆ ಐದು ಸಾವಿರ ದಿರ್ಹಮ್ ದಂಡ. ಹನ್ನೆರಡೂವರೆಗೆ ನಾನೇ ಸೀಟಿ ಊದಿ ಎಲ್ಲರನ್ನೂ ನೆರಳಿಗೆ ಕರೆಯುತ್ತೇನೆ. ನೀರು, ಉಪ್ಪಿನ ಪಾನಕ ಎಲ್ಲ ನೋಡಿಕೊಳ್ಳುತ್ತೇನೆ. ನನ್ನ ಹುಡುಗರು ನನ್ನನ್ನು ಒಳ್ಳೆಯ ಫೋರ್‌ಮನ್ ಅನ್ನುತ್ತಾರೆ. ನಾನೂ ನಂಬಿದ್ದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ರಜೆಗೆ ಬಂದು ಊರಲ್ಲಿ ನಮ್ಮ ಮನೆ ಕಟ್ಟಿಸಿದೆ. ವಾಪಸ್ ಹೋಗುವುದರೊಳಗೆ ಸ್ಲ್ಯಾಬ್ ಆಗಬೇಕಿತ್ತು. ಮಧ್ಯಾಹ್ನ ಎರಡು ಗಂಟೆಗೆ, ಆ ಸೆಕೆಯಲ್ಲಿ, ಹೆಂಗಸರು ತಲೆ ಮೇಲೆ ಜಲ್ಲಿ ಬಾಂಡ್ಲಿ ಹೊರುತ್ತಿದ್ದರು. ನಾನು ನೆರಳಲ್ಲಿ ನಿಂತು ಬೇಗ ಬೇಗ ಅನ್ನುತ್ತಿದ್ದೆ. ನನ್ನ ಅಮ್ಮ ಒಳಗಿನಿಂದ ಮಜ್ಜಿಗೆ ತಂದು ಅವರನ್ನೆಲ್ಲ ಕೂರಿಸಿದರು. ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಆ ಹೊತ್ತಿಗೆ ನನಗೆ ಕೋಪ ಬಂತು, ಅದನ್ನು ಬರೆಯೋಕೆ ಈಗ ನಾಚಿಕೆ ಆಗುತ್ತದೆ. ದುಬೈಯಲ್ಲಿ ನನ್ನ ಒಳ್ಳೆಯತನ ಎಷ್ಟು, ಆ ಐದು ಸಾವಿರ ದಿರ್ಹಮಿನದ್ದು ಎಷ್ಟು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ.

ಸೋಮವಾರದ ಮೀಟಿಂಗ್:

ಮೂಲೆ ಡೆಸ್ಕ್ ಅವರ ಮಾತು ಓದಿ ಎರಡು ದಿನ ಸುಮ್ಮನಿದ್ದೆ. ಆಮೇಲೆ ಟೀಮಿನವರನ್ನು ಒಬ್ಬೊಬ್ಬರನ್ನೇ ಕೇಳಿದೆ. ಏಳು ಜನ "ನೀವು ಬೆಸ್ಟ್ ಸರ್" ಅಂದರು. ಎಂಟನೆಯವನು ಮುಂದಿನ ತಿಂಗಳು ಬೇರೆ ಕಡೆ ಹೋಗುತ್ತಿದ್ದಾನೆ, ಅವನಿಗೆ ನನ್ನಿಂದ ಇನ್ನೇನೂ ಆಗಬೇಕಿಲ್ಲ. ಅವನು ಹೇಳಿದ.

ನಾನು ಯಾವತ್ತೂ ಇದು ಸರಿಯಿಲ್ಲ ಅಂತ ಹೇಳುವುದಿಲ್ಲವಂತೆ. ಎಲ್ಲದಕ್ಕೂ ಗುಡ್ ಅನ್ನುತ್ತೇನೆ. ಕೊನೆಗೆ ಅಪ್ರೈಸಲ್‌ನಲ್ಲಿ ನಂಬರ್ ಕಮ್ಮಿ ಬಂದಾಗಲೇ ಅವರಿಗೆ ಗೊತ್ತಾಗುವುದು. "ವರ್ಷದ ಮಧ್ಯ ಒಂದು ಸಲ ಬೈದಿದ್ದರೆ ಸರಿ ಮಾಡ್ಕೊಳ್ತಿದ್ದೆ ಸರ್" ಅಂದ. ಬೆಳಗಾವಿ ಭಟ್ಟಿಯವರ ಮಾತು ಅವತ್ತೇ ಓದಿದ್ದೆ. ನನ್ನ ಮ್ಯಾನೇಜರ್ ಹಾಗೆ ಆಗಬಾರದು ಅಂತ ಬಾಯಿಯನ್ನೇ ಮುಚ್ಚಿಕೊಂಡಿದ್ದೇನೆ ಅಂತ ತಿಳಿಯಿತು.

2024ರ ಜುಲೈನಲ್ಲಿ ಐಟಿಯವರ ದಿನದ ಕೆಲಸ ಹನ್ನೆರಡು ಗಂಟೆ ದಾಟಿಸೋಕೆ ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಫೇಸ್‌ಬುಕ್ಕಿನಲ್ಲಿ ಅದರ ವಿರುದ್ಧ ಉದ್ದುದ್ದ ಬರೆದವನು ನಾನು. ರಾತ್ರಿ ಹತ್ತರ ಮೆಸೇಜೂ ನಾನೇ ಕಳಿಸುತ್ತಿದ್ದೆ. ಈಗ ಬೆಳಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಟೈಮ್ ಹಾಕಿ ಇಡುತ್ತಿದ್ದೇನೆ. ಮೊದಲು ಬರೆದ ಉತ್ತರ ವಾಪಸ್ ತಗೊಳ್ಳುತ್ತೇನೆ.

ಏಳನೇ ಲೈನ್:

ಸರ್, ಹೋಗುವವನು ಮಾತ್ರ ನಿಜ ಹೇಳಿದ ಅಂದಿರಲ್ಲ, ಅದು ನೂರಕ್ಕೆ ನೂರು ಸತ್ಯ. ನಾನು ಆಪರೇಟರ್ ಆಗಿದ್ದಾಗ 2016ರ ಏಪ್ರಿಲ್‌ನಲ್ಲಿ ನಾವೆಲ್ಲ ರಸ್ತೆಗೆ ಬಂದಿದ್ದೆವು. ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ನಿಯಮ ತಂದಿದ್ದರು. ಹೊಸೂರು ರೋಡು, ಪೀಣ್ಯ, ಎಲ್ಲಾ ಕಡೆ ಹೆಂಗಸರೇ. ಕೇಂದ್ರದವರು ಅದನ್ನು ವಾಪಸ್ ತಗೊಂಡರು. ನಾವು ರಸ್ತೆಗೆ ಬರುವ ಹಿಂದಿನ ದಿನದವರೆಗೂ ನಮ್ಮ ಸೂಪರ್‌ವೈಸರ್ "ನನ್ನ ಲೈನಿನವರು ಎಲ್ಲಿಗೂ ಹೋಗಲ್ಲ, ಯಾರಿಗೂ ಏನೂ ತೊಂದರೆ ಇಲ್ಲ" ಅಂತ ಮೇಲಿನವರಿಗೆ ಹೇಳುತ್ತಿದ್ದರು. ಅವರಿಗೆ ನಾವು ಹಾಗೇ ಹೇಳುತ್ತಿದ್ದೆವು.

ಈ ವಾರ ನಾನು ಒಂದು ಕೆಲಸ ಮಾಡಿದೆ. ನೀರಿನ ಬಾಟಲಿ ತಂದು ನನ್ನ ಟೇಬಲ್ ಮೇಲೆ ಇಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಕುಡಿದು, ಎಲ್ಲರೆದುರು ಬಾತ್‌ರೂಮಿಗೆ ಹೋಗಿ ಬಂದೆ. ದಿನಕ್ಕೆ ಮೂರು ಸಲ. ಗುರುವಾರದ ಹೊತ್ತಿಗೆ ಕಾಲರ್ ಹುಡುಗಿಯ ಮಷೀನ್ ಪಕ್ಕದಲ್ಲೂ ಒಂದು ಬಾಟಲಿ ಬಂತು. ಶನಿವಾರ ಏನಾಗುತ್ತದೋ ನೋಡಬೇಕು.

ಗಲ್ಲಾ ಮೇಲಿನವನು:

ಫೋನ್ ಮಾಡಿದೆ. ಮೂರು ದಿನ ಎತ್ತಲಿಲ್ಲ. ನಾಲ್ಕನೇ ದಿನ ದುಡ್ಡು ಹಾಕಿದೆ, ಮೂರು ಸಾವಿರದ ನಾನೂರ ಮೂವತ್ತು. ಹತ್ತು ನಿಮಿಷಕ್ಕೆ ಅವನೇ ಮಾಡಿದ. ಹಾಸನದಲ್ಲಿ ಒಂದು ಹೋಟೆಲಿನಲ್ಲಿದ್ದಾನಂತೆ.

ಜಾಸ್ತಿ ಹಾಕಿದ್ದೀರಿ ಅಣ್ಣಾ ಅಂದ. ಹಿಡಿದದ್ದು ವಾಪಸ್ ಹಾಕಿದ್ದೇನೆ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, "ಬಕೆಟ್ ನಾನೇ ಚೆಲ್ಲಿದ್ದು, ಖರೆ. ಕಪ್ಪೂ ನನ್ನ ಕೈಲೇ ಹೋಗ್ಯಾವ. ಆದ್ರ ಲೋಟ ನಾ ಒಡದದ್ದು ಒಂದೇ ರೀ ಅಣ್ಣಾ. ಇನ್ನೊಂದು ಗಿರಾಕಿ ಕೈಯಾಗ ಒಡದಿತ್ತು."

ಮರಳಿ ಬರ್ತೀಯಾ ಅಂತ ಕೇಳಿದೆ. "ನೋಡ್ತೀನಿ ಅಣ್ಣಾ" ಅಂದ. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಇಎಸ್‌ಐಗೆ ಆಡಿಟರ್ ಹತ್ತಿರ ಕಾಗದ ಕೊಟ್ಟು ಬಂದಿದ್ದೇನೆ. ತೊಳೆಯುವ ಜಾಗದಲ್ಲಿ ಎರಡು ಸ್ಟೂಲ್ ಹಾಕಿಸಿದೆ, ಸೀರೆ ಕೌಂಟರ್ ತಂಗಿ ಕೇಳುವವರೆಗೂ ಅದು ನನ್ನ ತಲೆಗೇ ಹೋಗಿರಲಿಲ್ಲ.

ಆ ಗಿರಾಕಿ ಯಾರು ಅಂತ ನನಗೆ ನೆನಪಿದೆ. ದಿನಾ ಬೆಳಗ್ಗೆ ಏಳೂವರೆಗೆ ಬರುತ್ತಾರೆ, ಎರಡು ಇಡ್ಲಿ, ಒಂದು ಸ್ಟ್ರಾಂಗ್ ಕಾಫಿ. ಅವತ್ತು ಲೋಟ ಬಿದ್ದಾಗ ಅವರು ಗಾಬರಿಯಿಂದ ನನ್ನ ಕಡೆ ನೋಡಿದರು. "ಪರವಾಗಿಲ್ಲ ಬಿಡಿ ಸರ್, ಲೋಟ ಅಲ್ವಾ" ಅಂತ ನಗುತ್ತಾ ಹೇಳಿದವನು ನಾನೇ. ಗಾಜು ಗುಡಿಸೋಕೆ ಆ ಹುಡುಗನನ್ನು ಕೂಗಿ ಕರೆದೆ. ರಾತ್ರಿ ಪುಸ್ತಕ ತೆಗೆದಾಗ ಅವನ ಹೆಸರಿನ ಮುಂದೆ ಎರಡು ಲೋಟ ಅಂತ ಬರೆದೆ.